ಜಾನ್ ಡ್ಯೂಯಿ ಮತ್ತು ಅವರ ಪುಟ್ಟ ಶಾಲೆ

ನಮ್ಮ ಮಕ್ಕಳಿಗೆ ಈಗ ‘ಪ್ರಾಜೆಕ್ಟ್’ ಇಲ್ಲದ ವರ್ಷವಿಲ್ಲ. ಸಮಾಜ ವಿಜ್ಞಾನದ ಪ್ರಾಜೆಕ್ಟ್ ಎಂದರೆ ಅಂಗಡಿಯಿಂದ ತಂದ ಚಾರ್ಟು ಕಾಗದ, ಅದಕ್ಕೆ ಅಂಟಿಸಿದ ಚಿತ್ರಗಳು, ಥರ್ಮೋಕೋಲಿನ ಕೋಟೆ, ಅದಕ್ಕಾಗಿ ರಾತ್ರಿ ನಿದ್ದೆಗೆಟ್ಟು ಕುಳಿತ ತಾಯಿ ಎಂದೇ ಹಲವು ಮನೆಗಳಲ್ಲಿ ಅರ್ಥವಾಗಿದೆ. ಅಧ್ಯಾಪಕ ತರಬೇತಿಯ ಪುಸ್ತಕಗಳಲ್ಲಿ ಇದಕ್ಕೆ ‘ಯೋಜನಾ ಪದ್ಧತಿ’ ಎಂದು ಹೆಸರು. ಅದರ ಬೇರನ್ನು ಹುಡುಕುತ್ತ ಹೋದರೆ ನಾವು ತಲಪುವುದು ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿಯವರ ಬಳಿಗೆ. ಟಿ.ಸಿ.ಎಚ್. ಓದಿದವರೆಲ್ಲ ಪರೀಕ್ಷೆಗೆಂದು ಈ ಹೆಸರನ್ನು ಬಾಯಿಪಾಠ ಮಾಡಿದವರೇ. ಬಾಯಿಪಾಠದ ವಿರುದ್ಧ ಜೀವಮಾನವಿಡೀ ಬರೆದವರಿಗೆ ನಾವು ಸಲ್ಲಿಸಿದ ಗೌರವ ಅದು!

ಡ್ಯೂಯಿ ಹುಟ್ಟಿದ್ದು 1859ರ ಅಕ್ಟೋಬರ್ 20ರಂದು, ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ಎಂಬ ಊರಿನಲ್ಲಿ. ತಂದೆಗೆ ಜೀನಸಿನ ಅಂಗಡಿ ಇತ್ತು. ಹುಡುಗ ಮನೆಮನೆಗೆ ಪತ್ರಿಕೆ ಹಾಕಿದ, ಮರದ ಡಿಪೋದಲ್ಲಿ ಲೆಕ್ಕ ಬರೆದ. ತಾನು ಬಾಲ್ಯದಲ್ಲಿ ಕಲಿತದ್ದರಲ್ಲಿ ಮುಖ್ಯವಾದುದು ಶಾಲೆಯ ಹೊರಗೇ ದೊರೆಯಿತೆಂಬ ಭಾವನೆ ಅವರಲ್ಲಿ ಕೊನೆಯವರೆಗೂ ಉಳಿಯಿತು. 1879ರಲ್ಲಿ ಪದವಿ ಪಡೆದ ಮೇಲೆ ಎರಡು ವರ್ಷ ಪೆನ್ಸಿಲ್ವೇನಿಯಾದ ಆಯಿಲ್ ಸಿಟಿಯ ಹೈಸ್ಕೂಲಿನಲ್ಲಿ, ಅನಂತರ ಸ್ವಲ್ಪ ಕಾಲ ತನ್ನ ರಾಜ್ಯದ ಒಂದು ಹಳ್ಳಿ ಶಾಲೆಯಲ್ಲಿ ಮಾಸ್ತರಿಕೆ ಮಾಡಿದರು. 1884ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದು ಮಿಶಿಗನ್ನಿನಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರಾದರು. ಅಲ್ಲಿ ವಿದ್ಯಾರ್ಥಿನಿಯಾಗಿದ್ದ ಆಲಿಸ್ ಚಿಪ್ಮನ್‌ರನ್ನು 1886ರಲ್ಲಿ ವಿವಾಹವಾದರು. ಪುಸ್ತಕದ ತತ್ತ್ವದಲ್ಲಿ ಮುಳುಗಿದ್ದ ಈ ಮನುಷ್ಯನನ್ನು ಸುತ್ತಲಿನ ಜನಜೀವನದ ಕಡೆಗೆ ತಿರುಗಿಸಿದ್ದು ಆಲಿಸರೇ ಎಂದರೆ ತಪ್ಪಾಗದು.

1894ರಲ್ಲಿ ಡ್ಯೂಯಿ ಶಿಕಾಗೋ ವಿಶ್ವವಿದ್ಯಾನಿಲಯಕ್ಕೆ ಬಂದರು. ಆಗ ಅಲ್ಲಿ ಪುಲ್ಮನ್ ಕಾರ್ಖಾನೆಯ ಕಾರ್ಮಿಕರ ಮುಷ್ಕರ ನಡೆಯುತ್ತಿತ್ತು, ರೈಲುಗಳು ನಿಂತಿದ್ದವು. ಯುರೋಪಿನ ನಾನಾ ದೇಶಗಳ ಬಡವರು ಬಂದು ನೆರೆದ ನಗರವದು. ಜೇನ್ ಆಡಮ್ಸ್ ಎಂಬ ಮಹಿಳೆ ಗೆಳತಿಯೊಂದಿಗೆ 1889ರಲ್ಲಿ ಅವರ ನಡುವೆಯೇ ‘ಹಲ್ ಹೌಸ್’ ಎಂಬ ಸೇವಾಕೇಂದ್ರವನ್ನು ತೆರೆದಿದ್ದರು. ಡ್ಯೂಯಿ ಅದರ ಆಪ್ತರಾದರು. ಮುಂದೆ ತಮ್ಮ ಮಗಳಿಗೆ ಆಕೆಯ ಹೆಸರನ್ನೇ ಇಟ್ಟರು.

ಹಲ್ ಹೌಸಿನ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ವಲಸೆ ಬಂದವರ ಮಕ್ಕಳು ಶಾಲೆಯಲ್ಲಿ ಇಂಗ್ಲಿಷು ಕಲಿಯುತ್ತಿದ್ದಂತೆ ಮನೆಯ ಭಾಷೆಯ ಬಗ್ಗೆ, ಹಳ್ಳಿಯ ಉಡುಪಿನ ತಾಯಂದಿರ ಬಗ್ಗೆ ನಾಚತೊಡಗಿದ್ದರು. 1900ರಲ್ಲಿ ಜೇನ್ ಆಡಮ್ಸ್ ಅಲ್ಲೊಂದು ಕಾಯಕದ ವಸ್ತುಸಂಗ್ರಹಾಲಯ ತೆರೆದು, ಆ ತಾಯಂದಿರನ್ನೇ ಕರೆದು ಕೂರಿಸಿ, ಅವರವರ ಊರಿನ ರೀತಿಯಲ್ಲಿ ನೂಲುವುದನ್ನೂ ನೇಯುವುದನ್ನೂ ತೋರಿಸುವಂತೆ ಮಾಡಿದರು. ತನ್ನ ತಾಯಿಯ ಕೈಚಳಕವನ್ನು ಊರಿನ ದೊಡ್ಡವರು ಬೆರಗಾಗಿ ನೋಡುವುದನ್ನು ಕಂಡ ಮೇಲೆ, ಅದುವರೆಗೆ ತಾಯಿಯ ಜತೆ ಒಂದೇ ಬಾಗಿಲಿನಿಂದ ಒಳಬರಲು ಹಿಂಜರಿಯುತ್ತಿದ್ದ ಒಬ್ಬ ಇಟಾಲಿಯನ್ ಹುಡುಗಿ ಬದಲಾದಳಂತೆ. ಎರಡು ಭಾಷೆಗಳ ನಡುವೆ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1896ರ ಜನವರಿಯಲ್ಲಿ, 16 ಮಕ್ಕಳು ಮತ್ತು ಇಬ್ಬರು ಅಧ್ಯಾಪಕರಿಂದ, ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಡ್ಯೂಯಿಯವರ ಪ್ರಾಥಮಿಕ ಶಾಲೆ ಆರಂಭವಾಯಿತು. ರಸಾಯನಶಾಸ್ತ್ರಕ್ಕೆ ಪ್ರಯೋಗಶಾಲೆ ಇರುವಂತೆ ಶಿಕ್ಷಣಶಾಸ್ತ್ರಕ್ಕೂ ಒಂದು ಇರಬೇಕೆಂಬುದು ಅವರ ವಾದ. ಈ ಶಾಲೆಗೆ ಮೇಜು ಕುರ್ಚಿ ಕೊಳ್ಳಲು ಅವರು ನಗರದ ಅಂಗಡಿಗಳನ್ನೆಲ್ಲ ಸುತ್ತಿದರು. ಮನಸ್ಸಿಗೆ ಬಂದದ್ದು ಸಿಗಲಿಲ್ಲ. ಕೊನೆಗೆ ಒಬ್ಬ ಬುದ್ಧಿವಂತ ವ್ಯಾಪಾರಿ ಕಾರಣವನ್ನು ಕಂಡುಹಿಡಿದ: ಇವರಿಗೆ ಬೇಕಾದುದು ಮಕ್ಕಳು ಕೆಲಸ ಮಾಡುವ ಮೇಜು, ಮಾರಾಟಕ್ಕಿರುವುದೆಲ್ಲ ಮಕ್ಕಳು ಕುಳಿತು ಕೇಳುವ ಮೇಜು. ಡ್ಯೂಯಿ ಈ ಕತೆಯನ್ನು 1899ರಲ್ಲಿ ಶಾಲೆಯ ಮಕ್ಕಳ ತಂದೆತಾಯಂದಿರ ಮುಂದೆ ಮಾಡಿದ ಭಾಷಣಗಳಲ್ಲಿ ಹೇಳಿದರು. ಅದೇ ವರ್ಷ ಪ್ರಕಟವಾದ ‘ದಿ ಸ್ಕೂಲ್ ಆಂಡ್ ಸೊಸೈಟಿ’ ಎಂಬ ಸಣ್ಣ ಪುಸ್ತಕ ಆ ಭಾಷಣಗಳಿಂದಲೇ ಆದದ್ದು.

ಆ ಶಾಲೆಯಲ್ಲಿ ಚರಿತ್ರೆ ಅರಸರ ಪಟ್ಟಿಯಿಂದ ಆರಂಭವಾಗುತ್ತಿರಲಿಲ್ಲ. ಆರು ವರ್ಷದವರು ಮನೆಗೆ ಆಹಾರ ಎಲ್ಲಿಂದ ಬರುತ್ತದೆಂದು ಹುಡುಕುತ್ತ ಹೋಗಿ, ಪುಟ್ಟ ತುಂಡು ನೆಲದಲ್ಲಿ ಗೋಧಿ ಬಿತ್ತಿದರು. ಏಳು ವರ್ಷದವರು ಬೆಂಕಿ, ಆಯುಧ, ಮಡಕೆಗಳು ಮನುಷ್ಯನಿಗೆ ಹೇಗೆ ದೊರೆತಿರಬಹುದೆಂದು ತಾವೇ ಮಾಡಿ ನೋಡಿದರು. ಎಂಟಕ್ಕೆ ಕಡಲಯಾತ್ರಿಕರ ಕತೆ, ಒಂಬತ್ತಕ್ಕೆ ತಮ್ಮದೇ ಶಿಕಾಗೋದ ಚರಿತ್ರೆ. ಅಡುಗೆ, ಬಡಗಿಕೆಲಸ, ನೇಯ್ಗೆ ಇವು ಪಾಠದ ನಡುವಿನ ಮನೋರಂಜನೆಯಾಗಿರಲಿಲ್ಲ. ಇವುಗಳಿಂದಲೇ ಪಾಠ ಹೊರಡುತ್ತಿತ್ತು.

ಇದಕ್ಕೆ ಹತ್ತಿಯ ಪಾಠಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಮಕ್ಕಳ ಕೈಗೆ ಗಿಡದಿಂದ ಬಿಡಿಸಿದ ಹತ್ತಿಯ ಕಾಯಿಯನ್ನೂ ಕುರಿಯ ಮೈಯಿಂದ ತೆಗೆದ ಉಣ್ಣೆಯನ್ನೂ ಕೊಡಲಾಯಿತು. ಹಿಂದಿನವರು ಉಣ್ಣೆಯನ್ನು ಅಷ್ಟೊಂದು ಉಟ್ಟು, ಹತ್ತಿಯನ್ನು ಅಷ್ಟು ಕಡಿಮೆ ಬಳಸಿದ್ದೇಕೆ? ಅಧ್ಯಾಪಕರು ಉತ್ತರ ಹೇಳಲಿಲ್ಲ. ಒಂದು ಗುಂಪು ಕುಳಿತು ಬೆರಳಿನಿಂದ ಹತ್ತಿಯ ಬೀಜ ಬಿಡಿಸಿತು. ಅರ್ಧ ಗಂಟೆ ಕಳೆದರೂ ದೊರೆತ ಹತ್ತಿ ಒಂದು ಔನ್ಸ್ ಇರಲಿಲ್ಲ, ಎಂದರೆ 28 ಗ್ರಾಮಿಗಿಂತ ಕಡಿಮೆ. ಬರಿಗೈಯಲ್ಲಿ ದಿನವಿಡೀ ಕುಳಿತರೂ ಒಬ್ಬನಿಂದ ಒಂದು ಪೌಂಡಿಗಿಂತ ಹೆಚ್ಚು ಆಗಲಾರದೆಂದು ಅವರಿಗೆ ನಂಬಿಕೆಯಾಯಿತು. ಎಳೆಗಳನ್ನು ಅಳೆದರು: ಹತ್ತಿಯದು ಗಿಡ್ಡ, ನುಣುಪು, ಉಣ್ಣೆಯದು ಉದ್ದ, ಒರಟು, ಒಂದಕ್ಕೊಂದು ಕಚ್ಚಿಕೊಳ್ಳುವಂಥದು, ಹಾಗಾಗಿ ನೂಲಲು ಸುಲಭ. ಆಮೇಲೆ ಉಣ್ಣೆ ಹಿಂಜುವ ಚೌಕಟ್ಟನ್ನು ತಾವೇ ಕಲ್ಪಿಸಿದರು. ತೂತಿನ ಕಲ್ಲನ್ನು ತೂಗಿಬಿಟ್ಟು ತಿರುಗಿಸಿ ಎಳೆ ತೆಗೆದರು. ನಮ್ಮ ಹಿರಿಯರು ಬೇಸಿಕ್ ಶಾಲೆಗಳಲ್ಲಿ ಹಿಡಿದ ತಕಲಿಯ ಅಣ್ಣನೆನ್ನಬಹುದು ಅದನ್ನು. ಅಲ್ಲಿಂದ ಚರಕಕ್ಕೆ, ಮಗ್ಗಕ್ಕೆ, ಕಾರ್ಖಾನೆಗೆ ದಾರಿ ತಾನಾಗಿ ತೆರೆಯಿತು.

1793ರಲ್ಲಿ ಎಲಿ ವಿಟ್ನಿ ಹತ್ತಿಯ ಬೀಜ ತೆಗೆಯುವ ಯಂತ್ರವನ್ನು ಮಾಡಿದನೆಂದು ಪಾಠಪುಸ್ತಕದಲ್ಲಿ ಒಂದು ಸಾಲು ಇರುತ್ತದೆ. ಆ ಯಂತ್ರದಿಂದ ಅಮೆರಿಕದ ದಕ್ಷಿಣದಲ್ಲಿ ಹತ್ತಿಯ ಬೇಸಾಯ ಹಬ್ಬಿತು, ಅದರೊಂದಿಗೆ ಗುಲಾಮಗಿರಿಯೂ ಬೇರುಬಿಟ್ಟಿತು. ಅರ್ಧ ಗಂಟೆ ಬೆರಳು ನೋಯಿಸಿಕೊಂಡ ಮಗುವಿಗೆ ಆ ಸಾಲು ಬರೇ ಇಸವಿಯಾಗಿ ಉಳಿಯುವುದಿಲ್ಲ. ನಮ್ಮ ಥರ್ಮೋಕೋಲಿನ ಕೋಟೆಗೂ ಆ ಮಕ್ಕಳ ಹತ್ತಿಗೂ ಇರುವ ಅಂತರ ಇದೇ. ಕೋಟೆ ಮಾಡಿದ ಮಗುವಿಗೆ ಉತ್ತರಿಸಬೇಕಾದ ಪ್ರಶ್ನೆಯೇ ಇರಲಿಲ್ಲ.

ಮಕ್ಕಳು ಮನಬಂದಂತೆ ಆಡುವ ಶಾಲೆಯದು ಎಂಬ ಅಪವಾದವೂ ಇತ್ತು. ನಿಜವಾಗಿ ಅಲ್ಲಿ ಅಧ್ಯಾಪಕರಿಗೆ ದುಡಿಮೆ ಇಮ್ಮಡಿ. ವಾರವಾರ ಸಭೆ ಸೇರಿ, ನಡೆಸಿದ ಪಾಠದ ವರದಿ ಬರೆದು, ಮುಂದಿನದನ್ನು ಯೋಚಿಸಬೇಕಿತ್ತು. 1902ರ ಹೊತ್ತಿಗೆ 140 ಮಕ್ಕಳಿಗೆ 23 ಅಧ್ಯಾಪಕರು, ಜತೆಗೆ ಸಹಾಯಕ್ಕೆ ಹತ್ತು ಮಂದಿ ಉನ್ನತ ವಿದ್ಯಾರ್ಥಿಗಳು. ಒಂದು ತರಗತಿಯಲ್ಲಿ ನಲವತ್ತು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವ ಟೀಚರಿಗೆ ಈ ಲೆಕ್ಕವನ್ನು ಹೇಳದೆ ಡ್ಯೂಯಿಯ ಹೆಸರನ್ನು ಮಾತ್ರ ಹೇಳುವುದು ನ್ಯಾಯವಲ್ಲ.

ಶಾಲೆ ಹೆಚ್ಚು ಕಾಲ ಅವರ ಕೈಯಲ್ಲಿ ಉಳಿಯಲಿಲ್ಲ. 1903ರಲ್ಲಿ ಅದನ್ನು ಇನ್ನೊಂದು ಶಾಲೆಯೊಂದಿಗೆ ಕೂಡಿಸಲಾಯಿತು. ಆಲಿಸ್ ಮುಖ್ಯೋಪಾಧ್ಯಾಯಿನಿಯಾಗಿ ಮುಂದುವರಿಯುವ ವಿಷಯದಲ್ಲಿ ವಿಶ್ವವಿದ್ಯಾನಿಲಯದ ಅಧ್ಯಕ್ಷ ಹಾರ್ಪರರೊಂದಿಗೆ ಮನಸ್ತಾಪವಾಗಿ 1904ರಲ್ಲಿ ದಂಪತಿಗಳಿಬ್ಬರೂ ರಾಜೀನಾಮೆ ಕೊಟ್ಟರು. ಆ ವರ್ಷವೇ ಯುರೋಪಿನ ಪ್ರವಾಸದಲ್ಲಿ ಎಂಟು ವರ್ಷದ ಮಗ ಗೋರ್ಡನ್ ಟೈಫಾಯಿಡಿಗೆ ಬಲಿಯಾದ. 1895ರಲ್ಲಿ ಇಟೆಲಿಯಲ್ಲಿ ಡಿಫ್ತೀರಿಯಾದಿಂದ ಮತ್ತೊಬ್ಬ ಎಳೆಯ ಮಗ ಮೋರಿಸ್ ತೀರಿಕೊಂಡಿದ್ದ. ಇತರರ ಮಕ್ಕಳಿಗಾಗಿ ಅಷ್ಟು ಯೋಚಿಸಿದ ದಂಪತಿಗಳು ತಮ್ಮ ಇಬ್ಬರು ಮಕ್ಕಳನ್ನು ಪರದೇಶದಲ್ಲಿ ಕಳೆದುಕೊಂಡರು. ಡ್ಯೂಯಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯ ಸೇರಿದರು. ಮತ್ತೆ ಶಾಲೆ ನಡೆಸಲಿಲ್ಲ. 1916ರಲ್ಲಿ ‘ಡೆಮಾಕ್ರಸಿ ಆಂಡ್ ಎಜುಕೇಶನ್’ ಎಂಬ ಮಹಾಗ್ರಂಥ ಹೊರಬಂತು.

ಯೋಜನಾ ಪದ್ಧತಿಗೆ ಆ ಹೆಸರಿನಿಂದ ಪ್ರಚಾರ ಕೊಟ್ಟವರು ಡ್ಯೂಯಿಯಲ್ಲ, ಅವರ ಶಿಷ್ಯ ವಿಲಿಯಂ ಕಿಲ್ಪ್ಯಾಟ್ರಿಕ್. ಅವರ 1918ರ ಲೇಖನ ದೇಶದೇಶಗಳ ಅಧ್ಯಾಪಕರ ಕೈಸೇರಿತು. ಮಗು ಮನಃಪೂರ್ವಕವಾಗಿ ಕೈಗೊಂಡ ಯಾವ ಕೆಲಸವೂ ಯೋಜನೆಯಾಗಬಹುದೆಂಬುದು ಅವರ ನಿಲುವು. ಗುರುವಿಗೆ ಇಷ್ಟು ಸಾಲಲಿಲ್ಲ. ಯೋಜನೆಗಳೆಂದು ನಡೆಯುವ ಅನೇಕ ಕೆಲಸಗಳು ತೀರ ಚಿಕ್ಕವು, ಅವುಗಳಿಂದ ಮಗುವಿನ ತಿಳಿವಳಿಕೆ ಮುಂದಕ್ಕೆ ಹೋಗುವುದಿಲ್ಲ ಎಂದು 1931ರಲ್ಲೇ ಡ್ಯೂಯಿ ಎಚ್ಚರಿಸಿದರು. 1938ರ ಇನ್ನೊಂದು ಪುಸ್ತಕದಲ್ಲಿ ತಮ್ಮ ಹೆಸರು ಹೇಳಿಕೊಳ್ಳುವ ಹೊಸ ಶಾಲೆಗಳನ್ನೇ ತರಾಟೆಗೆ ತೆಗೆದುಕೊಂಡರು. ಅನುಯಾಯಿಗಳನ್ನು ತಿದ್ದಲು ಹೊರಟಾಗ ಅವರಿಗೆ ಎಪ್ಪತ್ತೆಂಟು ವರ್ಷ ಕಳೆದಿತ್ತು.

ಕೊಲಂಬಿಯಾದಲ್ಲಿ ಡ್ಯೂಯಿಯವರ ತರಗತಿಯಲ್ಲಿ ಕುಳಿತವರಲ್ಲಿ ನಮ್ಮ ಡಾ. ಅಂಬೇಡ್ಕರರೂ ಒಬ್ಬರು, 1913ರಿಂದ 1916ರವರೆಗೆ ಅವರು ಅಲ್ಲಿ ವಿದ್ಯಾರ್ಥಿಯಾಗಿದ್ದರು. ಕೂಡಿ ಬಾಳುವ ರೀತಿಯೇ ಪ್ರಜಾಪ್ರಭುತ್ವ, ಅದು ಬರಿಯ ಮತದಾನವಲ್ಲ ಎಂಬ ಗುರುವಿನ ವಿಚಾರವನ್ನು ಅವರು ಜಾತಿವ್ಯವಸ್ಥೆಯ ಎದುರು ಹಿಡಿದರು. 1936ರ ‘ಅನಿಹಿಲೇಶನ್ ಆಫ್ ಕಾಸ್ಟ್’ ಎಂಬ ಕೃತಿಯಲ್ಲಿ ಗುರುವಿನ ಋಣವನ್ನು ಹೆಸರು ಹೇಳಿ ನೆನೆದರು. 1952ರ ಜೂನ್ 5ರಂದು ಕೊಲಂಬಿಯಾ ವಿಶ್ವವಿದ್ಯಾನಿಲಯ ಅಂಬೇಡ್ಕರರಿಗೆ ಗೌರವ ಡಾಕ್ಟರೇಟ್ ನೀಡಿತು. ಅಲ್ಲಿ ಹಳೆಯ ಗುರುವನ್ನು ಕಾಣಬೇಕೆಂದು ಅವರು ಆಶಿಸಿದ್ದರು. ಆದರೆ ಜೂನ್ 1ರಂದೇ, ತೊಂಬತ್ತೆರಡನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನ ತಮ್ಮ ಮನೆಯಲ್ಲಿ ಡ್ಯೂಯಿ ತೀರಿಕೊಂಡಿದ್ದರು.