ಮ್ಯಾಗ್ನೆಟ್ ಬಳೆ ಹಾಕಿದರೆ ಬಿಪಿ ಇಳಿಯುತ್ತಾ? ಕಮ್ಮಾರನ ಮಗ ಫ್ಯಾರಡೆ ಕೊಟ್ಟ ಉತ್ತರ

ರಕ್ತದಲ್ಲಿ ಕಬ್ಬಿಣ ಇದೆ, ಮ್ಯಾಗ್ನೆಟ್ ಬಳೆ ಅದನ್ನು ಎಳೆದು ರಕ್ತ ಚೆನ್ನಾಗಿ ಓಡಿಸುತ್ತದೆ, ಬಿಪಿ ಮಾತ್ರೆ ಬೇಕಿಲ್ಲ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. 2021ರಲ್ಲಿ ಇದರದೇ ಇನ್ನೊಂದು ರೂಪ ಓಡಾಡಿತ್ತು: ಕೋವಿಡ್ ಲಸಿಕೆ ಹಾಕಿದ ತೋಳಿಗೆ ನಾಣ್ಯ ಅಂಟುತ್ತದೆ ಎಂದು. ಎರಡಕ್ಕೂ ಉತ್ತರ ಹುಡುಕುತ್ತಾ ಹೋದರೆ ನಾವು ತಲುಪುವುದು ಮೈಕೆಲ್ ಫ್ಯಾರಡೆ ಹತ್ತಿರ.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಬಡ ಕಮ್ಮಾರನ ಮನೆಯಲ್ಲಿ. 14ನೇ ವಯಸ್ಸಿಗೆ ಪುಸ್ತಕ ಬೈಂಡಿಂಗ್ ಅಂಗಡಿ ಸೇರಿ ಏಳು ವರ್ಷ ದುಡಿದರು. ಬೈಂಡಿಂಗ್‌ಗೆ ಬಂದ ಪುಸ್ತಕಗಳನ್ನೇ ಓದಿ ಕಲಿತರು. 1812ರಲ್ಲಿ ವಿಜ್ಞಾನಿ ಹಂಫ್ರಿ ಡೇವಿ ಉಪನ್ಯಾಸ ಕೇಳಿ, ಟಿಪ್ಪಣಿ ಬರೆದು, ತಾವೇ ಬೈಂಡ್ ಮಾಡಿ ಅವರಿಗೆ ಕಳಿಸಿದರು. ಮರುವರ್ಷ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸಹಾಯಕನ ಕೆಲಸ ಸಿಕ್ಕಿತು.

1821ರಲ್ಲಿ ವಿದ್ಯುತ್ ಹರಿಯುವ ತಂತಿ ಮ್ಯಾಗ್ನೆಟ್ ಸುತ್ತ ತಿರುಗುವಂತೆ ಮಾಡಿದರು. 1831ರಲ್ಲಿ ಮ್ಯಾಗ್ನೆಟ್‌ನಿಂದ ವಿದ್ಯುತ್ ಹುಟ್ಟಿಸಿದರು. ರಬಕವಿ-ಬನಹಟ್ಟಿಯ ಪವರ್‌ಲೂಮ್ ಮೋಟರ್, ಜಮಖಂಡಿ, ಮುಧೋಳ, ಬೀಳಗಿಯ ಕಬ್ಬಿಗೆ ನೀರೆತ್ತುವ ಪಂಪ್‌ಸೆಟ್ ಇಂದಿಗೂ ತಿರುಗುವುದು ಇದೇ ತತ್ವದ ಮೇಲೆ.

1845ರಲ್ಲಿ ಅವರು ಭಾರಿ ಮ್ಯಾಗ್ನೆಟ್ ಹತ್ತಿರ ಗಾಜು, ಮರ, ಸೇಬು, ಮಾಂಸ ಹಿಡಿದು ನೋಡಿದರು. ಯಾವುದೂ ಅಂಟಲಿಲ್ಲ, ತುಸು ದೂರ ಸರಿದವು. ಒಣ ರಕ್ತವನ್ನೂ ಪರೀಕ್ಷಿಸಿದರು. ಕಬ್ಬಿಣ ಇದ್ದರೂ ಅದನ್ನೂ ಮ್ಯಾಗ್ನೆಟ್ ಸೆಳೆಯಲಿಲ್ಲ.

ಏಕೆ? ರಕ್ತದ ಕಬ್ಬಿಣ ಮೊಳೆಯಂತೆ ಲೋಹದ ತುಂಡಲ್ಲ. ಒಂದೊಂದೇ ಪರಮಾಣುವಾಗಿ ಹಿಮೋಗ್ಲೋಬಿನ್ ಒಳಗೆ ಕೂತಿರುತ್ತದೆ. 1936ರಲ್ಲಿ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ತೋರಿಸಿದಂತೆ, ಆಮ್ಲಜನಕ ತುಂಬಿದ ಹಿಮೋಗ್ಲೋಬಿನ್ ಅನ್ನು ಮ್ಯಾಗ್ನೆಟ್ ತುಸು ತಳ್ಳುತ್ತದೆ, ಆಮ್ಲಜನಕ ಬಿಟ್ಟ ಹಿಮೋಗ್ಲೋಬಿನ್ ಅನ್ನು ತುಸು ಎಳೆಯುತ್ತದೆ. ಎರಡೂ ತೀರಾ ದುರ್ಬಲ. ಬಳೆಗಿಂತ ಎಷ್ಟೋ ಪಟ್ಟು ಬಲವಾದ ಎಂಆರ್‌ಐ ಯಂತ್ರದಲ್ಲಿ ಮಲಗಿದಾಗಲೂ ರಕ್ತ ತನ್ನ ಪಾಡಿಗೆ ಹರಿಯುತ್ತದೆ.

ಫ್ಯಾರಡೆ ಕಾಲದಲ್ಲೂ ಸುಳ್ಳು ಸುದ್ದಿಗಳಿದ್ದವು. ಕೈ ಇಟ್ಟರೆ ಮೇಜು ತಾನೇ ತಿರುಗುತ್ತದೆ, ಅದು ಆತ್ಮಗಳ ಕೆಲಸ ಎಂದು 1853ರಲ್ಲಿ ಜನ ನಂಬಿದ್ದರು. ಫ್ಯಾರಡೆ ಕೈಗೂ ಮೇಜಿಗೂ ನಡುವೆ ಮೆತ್ತನೆಯ ಅಂಟು ಹಚ್ಚಿದ ರಟ್ಟುಗಳನ್ನು ಇಟ್ಟರು. ಮೊದಲು ಸರಿದದ್ದು ಕೈ, ಆಮೇಲೆ ಮೇಜು. ಕೂತವರು ಮೋಸಗಾರರಲ್ಲ, ತಮಗೇ ತಿಳಿಯದೆ ತಳ್ಳುತ್ತಿದ್ದರು. ಫಾರ್ವರ್ಡ್ ಕಳಿಸುವ ನಮ್ಮವರಲ್ಲೂ ಹೆಚ್ಚಿನವರು ಹಾಗೆಯೇ.

1857ರಲ್ಲಿ ಅವರು ಚಿನ್ನವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾಡಿದಾಗ ದ್ರಾವಣ ಮಾಣಿಕ್ಯದಂತೆ ಕೆಂಪಾಯಿತು. ಕಣ ಸಣ್ಣದಾದರೆ ಗುಣ ಬದಲಾಗುತ್ತದೆ ಎಂಬ ನ್ಯಾನೋ ವಿಜ್ಞಾನದ ಮೊದಲ ಪಾಠ ಇದು. ಮರಳಿನಲ್ಲಿ ಮ್ಯಾಗ್ನೆಟ್ ಆಡಿಸಿದರೆ ಅಂಟುವ ಕಪ್ಪು ಪುಡಿ ನೋಡಿದ್ದೀರಲ್ಲ? ಅದರಲ್ಲಿರುವ ಕಬ್ಬಿಣದ ಆಕ್ಸೈಡನ್ನೇ ಕೆಲವೇ ನ್ಯಾನೋಮೀಟರ್ ಕಣ ಮಾಡಿದರೆ, ಮ್ಯಾಗ್ನೆಟ್ ಹತ್ತಿರ ಇದ್ದಾಗ ಮಾತ್ರ ಅದಕ್ಕೆ ಮ್ಯಾಗ್ನೆಟ್ ಗುಣ. ದೂರ ಸರಿಸಿದರೆ ಮಾಯ. ಇಂಥ ಕಣಗಳನ್ನು ಎಂಆರ್‌ಐ ಚಿತ್ರ ಸ್ಪಷ್ಟಗೊಳಿಸಲು ಬಳಸಿದ್ದಾರೆ. ಕಿಡ್ನಿ ರೋಗಿಗಳ ರಕ್ತಹೀನತೆಗೆ ಇದೇ ಕಣಗಳ ಔಷಧಿಗೆ 2009ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು.

ಕೋವಿಶೀಲ್ಡ್, ಕೋವ್ಯಾಕ್ಸಿನ್‌ಗಳಲ್ಲಿ ಈ ಕಣಗಳಿಲ್ಲ. ತೋಳಿಗೆ ನಾಣ್ಯ ಅಂಟುವುದು ಬೆವರು, ಎಣ್ಣೆ ಜಿಡ್ಡಿನಿಂದ. ಪೌಡರ್ ಹಚ್ಚಿ ನೋಡಿ, ಬೀಳುತ್ತದೆ.

ಫ್ಯಾರಡೆ ತೀರಿಕೊಂಡದ್ದು 1867ರ ಆಗಸ್ಟ್ 25ರಂದು. ಬಳೆ ಹಾಕಿಕೊಳ್ಳುವುದು ನಿಮ್ಮ ಇಷ್ಟ. ಆದರೆ ಅದನ್ನು ನಂಬಿ ಮಾತ್ರೆ ಬಿಟ್ಟರೆ ಪಾರ್ಶ್ವವಾಯು, ಹೃದಯಾಘಾತದ ಅಪಾಯ ಹೆಚ್ಚುತ್ತದೆ. ಮನೆಯಲ್ಲಿ ಹಿರಿಯರು ಮಾತ್ರೆ ನಿಲ್ಲಿಸಿದ್ದರೆ ಇಂದೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಆ ಫಾರ್ವರ್ಡ್ ಬಂದ ಗ್ರೂಪ್‌ಗೆ ಇದನ್ನೂ ಕಳಿಸಿ.