ತಂದೆತಾಯಿ ಕಲಿಸಿದ ಪಾಠ: ಮಾರ್ಟಿನ್ ಲೂಥರ್ ಕಿಂಗ್

ಮನೆಯೇ ಮೊದಲ ಪಾಠಶಾಲೆ. ಹೆತ್ತವರ ನಡೆನುಡಿ ಮಗುವನ್ನು ಹೇಗೆ ರೂಪಿಸುತ್ತದೆ ಎಂಬುದಕ್ಕೆ ಅಮೆರಿಕದ ಮಾರ್ಟಿನ್ ಲೂಥರ್ ಕಿಂಗ್ ಅವರ ಬಾಳೇ ಸಾಕ್ಷಿ.

1929ರ ಜನವರಿ 15ರಂದು ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದ ಕರಿಯ ಜನಾಂಗದ ಪಾದ್ರಿಯೊಬ್ಬರ ಮನೆಯಲ್ಲಿ ಕಿಂಗ್ ಜನಿಸಿದರು. ತಾಯಿ ಆಲ್ಬರ್ಟಾ. ಎದುರಿನ ಅಂಗಡಿಯ ಬಿಳಿಯ ಮಾಲೀಕನ ಮಗ ಬಾಲಕ ಮಾರ್ಟಿನ್‌ನಿಗೆ ಆಟದ ಗೆಳೆಯ. ಆರನೆಯ ವಯಸ್ಸಿಗೆ ಇಬ್ಬರೂ ಬೇರೆ ಬೇರೆ ಶಾಲೆ ಸೇರಬೇಕಾಯಿತು. ಅಲ್ಲಿಯ ಕಾನೂನೇ ಹಾಗಿತ್ತು. ಇನ್ನು ನಿನ್ನ ಸಂಗಡ ಆಡಲು ಅಪ್ಪ ಬಿಡುವುದಿಲ್ಲವೆಂದು ಒಂದು ದಿನ ಗೆಳೆಯ ತಿಳಿಸಿಬಿಟ್ಟ.

ಮಗು ಮನೆಗೆ ಬಂದು ಕಾರಣ ಕೇಳಿತು. ಹೆತ್ತವರು ಗದರಿಸಿ ಸುಮ್ಮನಾಗಿಸಲಿಲ್ಲ. ಊಟಕ್ಕೆ ಕುಳಿತಾಗ ಗುಲಾಮಗಿರಿಯ ಇತಿಹಾಸವನ್ನೂ ತಾವು ಉಂಡ ಅವಮಾನಗಳನ್ನೂ ಬಿಡಿಸಿ ಹೇಳಿದರು. ನೀನು ಯಾರಿಗೂ ಕಡಿಮೆಯಲ್ಲವೆಂದು ತಾಯಿ ಮನದಟ್ಟು ಮಾಡಿದರು. ಬಾಲಕನ ಎದೆಯಲ್ಲಿ ಬಿಳಿಯರ ಮೇಲೆ ದ್ವೇಷ ಹುಟ್ಟಿತು. ದ್ವೇಷ ಸಲ್ಲದು, ಪ್ರೀತಿಸುವುದೇ ಧರ್ಮವೆಂದು ಹೆತ್ತವರು ತಿದ್ದಿದರು. ಆ ಪಾಠ ಮೈಗೂಡಲು ವರ್ಷಗಳೇ ಬೇಕಾದವು.

ತಂದೆ ಕೇವಲ ಮಾತಿನವರಲ್ಲ. ಚಪ್ಪಲಿ ಅಂಗಡಿಯೊಂದರಲ್ಲಿ ಹಿಂದಿನ ಕುರ್ಚಿಗಳಿಗೆ ಹೋಗೆಂದಾಗ, ಏನನ್ನೂ ಕೊಳ್ಳದೆ ಮಗನ ಕೈ ಹಿಡಿದು ಹೊರನಡೆದರು. ಮಗ ಅದನ್ನು ಮರೆಯಲಿಲ್ಲ.

1955ರ ಡಿಸೆಂಬರಿನಲ್ಲಿ ಮಾಂಟ್ಗೊಮರಿ ನಗರದ ಬಸ್ಸುಗಳಲ್ಲಿದ್ದ ವರ್ಣಭೇದದ ವಿರುದ್ಧ ಬಹಿಷ್ಕಾರ ಆರಂಭವಾದಾಗ ಕಿಂಗ್ ಅದರ ಮುಂದಾಳಾದರು. 381 ದಿನ ನಡೆದ ಆ ಅಹಿಂಸಾ ಹೋರಾಟ ಗೆದ್ದಿತು. 1959ರಲ್ಲಿ ಗಾಂಧೀಜಿಯವರ ನಾಡನ್ನು ಕಾಣಲು ಭಾರತಕ್ಕೆ ಬಂದರು. ತಿರುವನಂತಪುರದ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದ ಅಸ್ಪೃಶ್ಯರೆಂದು ಪರಿಚಯಿಸಿದರಂತೆ. ಮೊದಲು ನೊಂದುಕೊಂಡರೂ, ಯೋಚಿಸಿದಾಗ ಅದು ನಿಜವೆಂದು ತೋರಿತೆಂದು ಅವರೇ 1965ರಲ್ಲಿ ಹೇಳಿಕೊಂಡರು. ವರ್ಣಭೇದವೂ ಜಾತಿಭೇದವೂ ಒಂದೇ ಬಳ್ಳಿಯ ಕಾಯಿಗಳೆಂದು ಅವರು ಕಂಡುಕೊಂಡರು.

ತಾವು ತಾಯಿಗೆ ಕೇಳಿದ ಪ್ರಶ್ನೆಯನ್ನು ಮುಂದೆ ತಮ್ಮ ಮಗಳಿಂದ ಅವರೇ ಕೇಳಬೇಕಾಯಿತು. ಜಾಹೀರಾತಿನಲ್ಲಿ ಕಂಡ ಮಕ್ಕಳ ವಿನೋದ ಉದ್ಯಾನಕ್ಕೆ ಕರೆದೊಯ್ಯೆಂದು ಮಗಳು ಯೋಲಾಂಡಾ ಹಟ ಹಿಡಿದಳು. ಅಲ್ಲಿ ಕರಿಯ ಮಕ್ಕಳಿಗೆ ಪ್ರವೇಶವಿರಲಿಲ್ಲ. ಅದನ್ನು ಹೇಳುವಾಗ ಮಹಾ ವಾಗ್ಮಿಯ ನಾಲಿಗೆಯೂ ತಡವರಿಸಿತು. ಆದರೂ ನಿಜವನ್ನು ಮುಚ್ಚಿಡಲಿಲ್ಲ. 1964ರ ನಾಗರಿಕ ಹಕ್ಕುಗಳ ಕಾಯಿದೆ ಅಂಥ ಸ್ಥಳಗಳ ಬಾಗಿಲು ತೆರೆಸಿತು. ಅದೇ ವರ್ಷ ಅವರಿಗೆ ನೊಬೆಲ್ ಶಾಂತಿ ಪುರಸ್ಕಾರ ಸಂದಿತು. 1968ರ ಏಪ್ರಿಲ್ 4ರಂದು ಮೆಂಫಿಸ್‌ನಲ್ಲಿ ಹಂತಕನ ಗುಂಡಿಗೆ ಬಲಿಯಾದಾಗ ವಯಸ್ಸು ಕೇವಲ 39.

ಸದ್ಭಕ್ತರೇ, ಗಡಿ ಊರುಗಳ ನಮ್ಮ ಮಕ್ಕಳು ಹಲವು ಭಾಷೆ, ಹಲವು ಜಾತಿಮತಗಳ ಮಕ್ಕಳೊಡನೆ ಬೆರೆತು ಆಡುತ್ತಾರೆ. ಅವರಿಗೇಕೆ ಬೇರೆ ಲೋಟ, ಅವರನ್ನೇಕೆ ಒಳಗೆ ಕರೆಯುವುದಿಲ್ಲ ಎಂದು ಮಗು ಕೇಳಿದರೆ ಬಾಯಿ ಮುಚ್ಚಿಸಬೇಡಿ. ಆ ಅಂಗಡಿಯವನ ಮಗನಿಗೂ ಹುಟ್ಟಿನಿಂದ ಭೇದ ತಿಳಿದಿರಲಿಲ್ಲ, ಅಪ್ಪ ಕಲಿಸಿದ. ಮಗುವಿಗೆ ನಿಜ ಹೇಳೋಣ. ಮೊದಲು ಆ ಬೇರೆ ಲೋಟವನ್ನು ತೆಗೆದಿಡೋಣ.