ಸೋಂಕಿನ ಹಡಗನ್ನು ಹುಡುಕಿ ಹತ್ತಿದ ಜಾನ್ ಹೋವರ್ಡ್

ಕ್ವಾರಂಟೈನ್ ಎಂಬ ಪದ ನಮ್ಮ ಮನೆಮನೆಗೆ ಬಂದದ್ದು 2020ರಲ್ಲಿ. ಆದರೆ ಅದು ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಬಂದರಿನಲ್ಲಿ. 1377ರಲ್ಲಿ ಆಡ್ರಿಯಾಟಿಕ್ ಸಮುದ್ರತೀರದ ರಗೂಸಾ, ಅಂದರೆ ಇಂದಿನ ಡುಬ್ರೊವ್ನಿಕ್ ನಗರವು, ಪ್ಲೇಗ್ ಇದ್ದ ಊರುಗಳಿಂದ ಬಂದವರು 30 ದಿನ ಹೊರಗೇ ಕಾಯಬೇಕೆಂದು ವಿಧಿಸಿತು. ಮುಂದೆ ಆ ಮೂವತ್ತು ನಲವತ್ತಾಯಿತು. ಇಟಲಿಯ ಭಾಷೆಯಲ್ಲಿ ನಲವತ್ತಕ್ಕೆ ಕ್ವಾರಾಂತಾ ಎನ್ನುತ್ತಾರೆ. ಪ್ರಭು ಯೇಸು ಅಡವಿಯಲ್ಲಿ ಕಳೆದ ನಲವತ್ತು ದಿನಗಳು, ನಮ್ಮ ತಪಸ್ಸುಕಾಲದ ನಲವತ್ತು ದಿನಗಳು ಆ ಸಂಖ್ಯೆಯ ಹಿಂದೆ ಇದ್ದಿರಬೇಕೆಂದು ಹಲವು ಇತಿಹಾಸಕಾರರ ಅಭಿಪ್ರಾಯ. 1423ರಲ್ಲಿ ವೆನಿಸ್ ನಗರವು ನಜರೇತಿನ ಮಾತೆಯ ದೇವಾಲಯವಿದ್ದ ಒಂದು ಪುಟ್ಟ ದ್ವೀಪವನ್ನು ಪ್ಲೇಗ್ ರೋಗಿಗಳಿಗಾಗಿ ಮೀಸಲಿಟ್ಟಿತು. ನಜರೇತ್ ಎಂಬ ಹೆಸರು, ಬಡ ಲಾಜರನ ಹೆಸರಿನೊಂದಿಗೆ ಬೆರೆತು, ಲಾಜರೆಟ್ಟೋ ಆಯಿತು. ಬಂದರುಗಳ ದಿಗ್ಬಂಧನ ಗೃಹಗಳಿಗೆಲ್ಲ ಆಮೇಲೆ ಅದೇ ಹೆಸರು.

ಈ ಲಾಜರೆಟ್ಟೋಗಳ ಒಳಗೆ ನಡೆಯುತ್ತಿದ್ದುದೇನು ಎಂದು ತಿಳಿಯಲು ತಾನೇ ಬಂಧಿಯಾಗಿ ಹೋದ ಒಬ್ಬ ಮನುಷ್ಯನ ಜೀವನವನ್ನು ಇಂದು ಓದುಗರ ಮುಂದಿಡುತ್ತಿದ್ದೇವೆ. ಅವರು ಇಂಗ್ಲೆಂಡಿನ ಜಾನ್ ಹೋವರ್ಡ್. ಸೆರೆಮನೆಗಳ ಸುಧಾರಕರೆಂದು ಅವರನ್ನು ಬಲ್ಲವರು ಬಹಳ. ಹಡಗಿನವರಿಗಾಗಿ ಅವರು ಪಟ್ಟ ಪಾಡನ್ನು ಬಲ್ಲವರು ಕಡಿಮೆ.

ಹೋವರ್ಡ್ ಹುಟ್ಟಿದ್ದು 1726ರಲ್ಲಿ, ಲಂಡನ್ನಿನ ಪಕ್ಕದ ಹ್ಯಾಕ್ನಿಯಲ್ಲಿ. ತಂದೆ ಮೆತ್ತನೆಯ ಆಸನ, ಪರದೆಗಳ ವ್ಯಾಪಾರದಲ್ಲಿ ಹಣ ಮಾಡಿದವರು. ಮನೆತನ ಕ್ಯಾಲ್ವಿನ್ ಪಂಥದ ಕಟ್ಟುನಿಟ್ಟಿನ ಪ್ರೊಟೆಸ್ಟೆಂಟ್ ಮನೆತನ. ಮಗನ ಆರೋಗ್ಯ ಎಂದೂ ಅಷ್ಟು ಗಟ್ಟಿಯಾಗಿರಲಿಲ್ಲ. ಮಾಂಸ ಮದ್ಯಗಳನ್ನು ಬಿಟ್ಟು ಹಣ್ಣು, ರೊಟ್ಟಿ, ಚಹಾದಲ್ಲಿ ಬದುಕಿದವರು. 1755ರ ಲಿಸ್ಬನ್ ಭೂಕಂಪದ ನಂತರ ಆ ನಗರವನ್ನು ನೋಡಲು ಹೊರಟಾಗ ಅವರಿದ್ದ ಹಡಗನ್ನು ಫ್ರೆಂಚರು ಸೆರೆಹಿಡಿದರು. ಬ್ರೆಸ್ಟ್ ಬಂದರಿನ ಸೆರೆಕೋಣೆಯಲ್ಲಿ ಹುಲ್ಲಿನ ಮೇಲೆ ಮಲಗಿ ಹಸಿವು ಬಾಯಾರಿಕೆ ಅನುಭವಿಸಿದರು. ಹಡಗಿನಿಂದ ಇಳಿದವನನ್ನು ಬಾಗಿಲು ಹಾಕಿ ಕೂಡಿಟ್ಟರೆ ಹೇಗಿರುತ್ತದೆ ಎಂಬುದರ ಮೊದಲ ಪಾಠ ಅದು.

1773ರಲ್ಲಿ ಅವರು ಬೆಡ್‌ಫರ್ಡ್‌ಶೈರ್ ಪ್ರಾಂತ್ಯದ ಶೆರಿಫ್ ಆದರು. ಆ ಹುದ್ದೆ ಬಹುಮಟ್ಟಿಗೆ ಅಲಂಕಾರದ್ದು. ಇವರು ಮಾತ್ರ ನೇರ ಸೆರೆಮನೆಗೆ ಹೋದರು. ನ್ಯಾಯಾಲಯ ನಿರಪರಾಧಿಗಳೆಂದು ಬಿಡುಗಡೆ ಮಾಡಿದವರೂ ಅಲ್ಲಿ ಒಳಗೇ ಇದ್ದರು, ಜೈಲರನಿಗೆ ಕೊಡಬೇಕಾದ ಶುಲ್ಕ ಅವರ ಬಳಿ ಇಲ್ಲದ ಕಾರಣಕ್ಕೆ! ಮುಂದಿನ ವರ್ಷವೇ ಸಂಸತ್ತು ಎರಡು ಕಾನೂನು ಮಾಡಿತು. 1777ರಲ್ಲಿ ಸೆರೆಮನೆಗಳ ಸ್ಥಿತಿಗತಿಯ ಕುರಿತು ಅವರ ಪುಸ್ತಕ ಬಂತು. ಸೆರೆಮನೆಯ ದುರ್ವಾಸನೆ ಬಟ್ಟೆಗೆ ಅಂಟಿ ಗಾಡಿಯೊಳಗೆ ಕುಳಿತಿರಲಾಗದೆ ಅವರು ಕುದುರೆಯ ಮೇಲೇ ಸುತ್ತುತ್ತಿದ್ದರಂತೆ. ಟಿಪ್ಪಣಿ ಪುಸ್ತಕವನ್ನು ಬೆಂಕಿಯ ಮುಂದೆ ಹಿಡಿದು ಆರಿಸಿದ ಮೇಲೆಯೇ ತೆರೆಯುತ್ತಿದ್ದರಂತೆ. ಸೆರೆಮನೆಗಳಿಗಾಗಿ ಅವರು ಸುತ್ತಿದ ದಾರಿ 42,000 ಮೈಲಿಗೂ ಹೆಚ್ಚು. ರೋಮಿನ ಸಂತ ಮಿಖಾಯೇಲರ ಆಶ್ರಮದಲ್ಲಿ ಬಾಲಾಪರಾಧಿಗಳಿಗಾಗಿ 1703ರಲ್ಲಿ ಕಟ್ಟಿಸಿದ್ದ ಮನೆಯನ್ನು ಈ ಕಟ್ಟಾ ಪ್ರೊಟೆಸ್ಟೆಂಟ್ ಮನಸಾರೆ ಮೆಚ್ಚಿದರೆಂಬುದನ್ನು ನಾವು ಸಂತೋಷದಿಂದಲೇ ಇಲ್ಲಿ ಸೇರಿಸುತ್ತೇವೆ.

ಸೆರೆಮನೆ ಜ್ವರವನ್ನು ಕಂಡವರಿಗೆ ಪ್ಲೇಗಿನ ಯೋಚನೆ ಬಂದದ್ದು ಸಹಜ. 1785ರ ನವೆಂಬರಿನಲ್ಲಿ, 59ರ ವಯಸ್ಸಿನಲ್ಲಿ, ಅವರು ಮೆಡಿಟರೇನಿಯನ್ ಬಂದರುಗಳ ಕಡೆ ಹೊರಟರು. ಸೇವಕನನ್ನು ಕರೆದುಕೊಂಡು ಹೋಗಲಿಲ್ಲ. ಈ ಅಪಾಯ ತನ್ನೊಬ್ಬನದೇ ಆಗಿರಲಿ ಎಂಬುದು ಅವರ ನಿರ್ಧಾರ. ಮಾರ್ಸೇಯ ಲಾಜರೆಟ್ಟೋ ನೋಡಲು ಫ್ರಾನ್ಸ್ ಸರ್ಕಾರ ಅನುಮತಿ ನಿರಾಕರಿಸಿದಾಗ ವೇಷ ಮರೆಸಿಕೊಂಡು ಹೋಗಿ ನೋಡಿಯೇ ಬಂದರು. ನಂತರ ಜಿನೋವಾ, ಲಿವೊರ್ನೊ, ನೇಪಲ್ಸ್, ಮಾಲ್ಟಾ, ಸ್ಮಿರ್ನಾ, ಕಾನ್‌ಸ್ಟಾಂಟಿನೋಪಲ್.

ಆ ಕಾಲದ ನಿಯಮ ಹೀಗಿತ್ತು. ಹಡಗು ಹೊರಡುವ ಬಂದರಿನಿಂದ ಒಂದು ಆರೋಗ್ಯಪತ್ರ ತರಬೇಕು. ಅಲ್ಲಿ ರೋಗವಿಲ್ಲದಿದ್ದರೆ ಅದು ಶುದ್ಧಪತ್ರ, ರೋಗವಿದ್ದರೆ ಕಳಂಕಿತ ಪತ್ರ. ಕಳಂಕಿತ ಪತ್ರದ ಹಡಗು ದೂರದಲ್ಲೇ ಲಂಗರು ಹಾಕಬೇಕು. ಪತ್ರಗಳನ್ನು ಇಕ್ಕಳದಿಂದ ತೆಗೆದುಕೊಂಡು ಹೊಗೆ ಹಿಡಿಯುತ್ತಿದ್ದರು, ಇಲ್ಲವೇ ವಿನೆಗರ್‌ನಲ್ಲಿ ಅದ್ದುತ್ತಿದ್ದರು. ಹತ್ತಿ, ಉಣ್ಣೆ, ರೇಷ್ಮೆ, ಚರ್ಮಗಳಲ್ಲಿ ಸೋಂಕು ಅಡಗಿರುತ್ತದೆಂಬ ನಂಬಿಕೆಯಿಂದ ಮೂಟೆಗಳನ್ನು ಬಿಚ್ಚಿ ವಾರಗಟ್ಟಲೆ ಗಾಳಿಗೆ ಹರಡಬೇಕು. ಮೂಟೆಯೊಳಗೆ ಬರಿಗೈ ತೂರಿಸಿ ಹತ್ತಿಯನ್ನು ತಿರುವಿಹಾಕುವ ಕೆಲಸ ಕೂಲಿಯಾಳುಗಳದು. ಅವರು ಕಾಯಿಲೆ ಬೀಳದಿದ್ದರೆ ಸರಕು ನಿರ್ದೋಷಿ! ಪ್ರಯಾಣಿಕರಿಗೆ ಲಾಜರೆಟ್ಟೋ, ನಾವಿಕರು ಸಾಮಾನ್ಯವಾಗಿ ಕಾವಲಿನೊಂದಿಗೆ ಹಡಗಿನಲ್ಲೇ.

ಕಾನ್‌ಸ್ಟಾಂಟಿನೋಪಲಿನಿಂದ ಭೂಮಾರ್ಗವಾಗಿ ವಿಯೆನ್ನಾಕ್ಕೆ ಹೋಗಿ ಊರು ಸೇರುವುದು ಹೋವರ್ಡ್ ಅವರ ಮೊದಲ ಯೋಜನೆಯಾಗಿತ್ತು. ಆಗ ಅವರಿಗೆ ಒಂದು ವಿಷಯ ಹೊಳೆಯಿತು. ತಾನು ನೋಡಿದ್ದೆಲ್ಲ ಹೊರಗಿನಿಂದ. ಅಧಿಕಾರಿ ತೋರಿಸಿದ ಕೋಣೆ, ಅಧಿಕಾರಿ ಕೊಟ್ಟ ಉತ್ತರ. ಅವರು ಸ್ಮಿರ್ನಾಕ್ಕೆ ಹಿಂತಿರುಗಿ, ಕಳಂಕಿತ ಪತ್ರವಿದ್ದ ಹಡಗನ್ನೇ ವಿಚಾರಿಸಿ, ವೆನಿಸ್‌ಗೆ ಹೊರಟಿದ್ದ ಅಂಥ ಒಂದರಲ್ಲಿ ಜಾಗ ಹಿಡಿದರು. ಪ್ರಯಾಣ ಸುಮಾರು ಅರುವತ್ತು ದಿನ ಎಳೆಯಿತು. ನಡುವೆ ಟ್ಯುನೀಸಿಯಾದ ಕಡಲ್ಗಳ್ಳರು ಮೇಲೆ ಬಿದ್ದರು. ಮೊಳೆ, ಕಬ್ಬಿಣದ ಚೂರು ತುಂಬಿದ ಫಿರಂಗಿಯನ್ನು ಶಾಂತಪ್ರಿಯರಾದ ಈ ಹೋವರ್ಡರೇ ಗುರಿಯಿಟ್ಟು ಹಾರಿಸಿದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಸೋತರೆ ಗುಲಾಮರಾಗುವ ಬದಲು ಹಡಗನ್ನೇ ಸ್ಫೋಟಿಸಲು ಕಪ್ತಾನ ಸಿದ್ಧನಾಗಿದ್ದನೆಂಬುದು ಆಮೇಲೆ ತಿಳಿಯಿತು.

1786ರ ಅಕ್ಟೋಬರಿನಲ್ಲಿ ವೆನಿಸ್. ಬಂದ ದೂತನ ದೋಣಿಗೂ ಇವರ ದೋಣಿಗೂ ನಡುವೆ ಉದ್ದನೆಯ ಹಗ್ಗ. ಹಾಗೆಯೇ ಎಳೆದುಕೊಂಡು ಹೊಸ ಲಾಜರೆಟ್ಟೋಗೆ ಒಯ್ದರು. 42 ದಿನಗಳ ಆದೇಶ. ಕೊಟ್ಟ ಕೋಣೆಯಲ್ಲಿ ಮೇಜಿಲ್ಲ, ಕುರ್ಚಿಯಿಲ್ಲ, ಮಂಚವಿಲ್ಲ. ಹುಳುಹುಪ್ಪಟೆ ಮಾತ್ರ ಧಾರಾಳ. ಹಣ ಕೊಟ್ಟು ತೊಳೆಸಿದರೂ ನಾತ ಹೋಗಲಿಲ್ಲ, ತಲೆನೋವು ಬಿಡಲಿಲ್ಲ. ಕೆಲವು ದಿನಗಳ ನಂತರ ಹಳೆಯ ಲಾಜರೆಟ್ಟೋಗೆ ಸಾಗಿಸಿದರು. ಅಲ್ಲಿನ ಗೋಡೆಗಳನ್ನು ಅರ್ಧ ಶತಮಾನದಿಂದ ಯಾರೂ ತೊಳೆದಿರಲಿಕ್ಕಿಲ್ಲವೆಂದು ಅವರಿಗೆ ಅನ್ನಿಸಿತು. ಆರೋಗ್ಯವಂತರಾಗಿ ಬಂದವರಿಗೆ ಊಟ ಸೇರದಾಯಿತು. ಕಡೆಗೆ ಸುಣ್ಣ ತರಿಸಿದರು. ಕಾವಲುಗಾರರಿಗೆ ಅದು ಇಷ್ಟವಿರಲಿಲ್ಲ, ಆದರೂ ಕುದಿಯುವ ನೀರಿನಲ್ಲಿ ಅರಳಿಸಿದ ಸುಣ್ಣವನ್ನು ಗೋಡೆಗಳಿಗೆ ಬಳಿಸಿದರು. ಮರುದಿನ ಅವರು ನೆಮ್ಮದಿಯಾಗಿ ಚಹಾ ಕುಡಿದರು.

ಇಷ್ಟು ಸುಲಭದ ಕೆಲಸವನ್ನು ಅಷ್ಟು ವರ್ಷ ಯಾರೂ ಏಕೆ ಮಾಡಲಿಲ್ಲ? ನಮಗೆ ಕಾಣುವ ಉತ್ತರ ಇದು: ಊರನ್ನು ಕಾಯಲು ಮಾಡಿದ ನಿಯಮಗಳಲ್ಲಿ, ಕಾಯಿಸಲ್ಪಡುವವನ ಲೆಕ್ಕವೇ ಇರಲಿಲ್ಲ. ಇದೇ ದಿನಗಳಲ್ಲಿ ಎರಡು ಸುದ್ದಿಗಳು ಅವರನ್ನು ತಲುಪಿದವು. ಲಂಡನ್ನಿನಲ್ಲಿ ತನ್ನ ಪ್ರತಿಮೆಗಾಗಿ ಚಂದಾ ಎತ್ತುತ್ತಿದ್ದಾರೆಂಬುದು ಒಂದು, ಒಬ್ಬನೇ ಮಗನಿಗೆ ಬುದ್ಧಿಭ್ರಮಣೆಯಾಗಿದೆ ಎಂಬುದು ಇನ್ನೊಂದು. ಮೊದಲನೆಯದನ್ನು ಕಾಗದ ಬರೆದು ನಿಲ್ಲಿಸಿದರು. ಎರಡನೆಯದಕ್ಕೆ ಓಡಿಹೋಗಲು ಬಾಗಿಲಿಗೆ ಬೀಗವಿತ್ತು.

1789ರಲ್ಲಿ ಲಾಜರೆಟ್ಟೋಗಳ ಕುರಿತ ಅವರ ಪುಸ್ತಕ ಪ್ರಕಟವಾಯಿತು. ದಿಗ್ಬಂಧನವೇ ಬೇಡವೆಂದು ಅವರು ಬರೆಯಲಿಲ್ಲ. ಇಂಗ್ಲೆಂಡಿಗೂ ಒಂದು ಲಾಜರೆಟ್ಟೋ ಬೇಕೆಂದು ನಕ್ಷೆಯನ್ನೇ ಕೊಟ್ಟರು. ಆದರೆ ಅದು ಸೆರೆಮನೆಯಂತೆ ಇರಬಾರದು. ಗಾಳಿ, ನೀರು, ಬೇರೆಬೇರೆ ಕೋಣೆಗಳು, ವಿಶಾಲವಾದ ಹೂದೋಟ ಇರಬೇಕು, ನೋಡಿದರೆ ಮನಸ್ಸಿಗೆ ಉಲ್ಲಾಸವಾಗಬೇಕು. ವಿಜ್ಞಾನದಲ್ಲಿ ಅವರಿಗೆ ತಿಳಿಯದ್ದು ಬಹಳವಿತ್ತು. ಪ್ಲೇಗಿನ ಸೂಕ್ಷ್ಮಜೀವಿ ಪತ್ತೆಯಾದದ್ದು 1894ರಲ್ಲಿ ಹಾಂಗ್‌ಕಾಂಗಿನಲ್ಲಿ. ಇಲಿಯ ಮೈಮೇಲಿನ ಚಿಗಟ ಅದನ್ನು ಹರಡುತ್ತದೆಂದು ಪಾಲ್ ಲೂಯಿ ಸಿಮೊಂದ್ ಕಂಡದ್ದು 1898ರಲ್ಲಿ, ನಮ್ಮ ನೆರೆಯ ಕರಾಚಿಯಲ್ಲಿ. ನಾವಿಕನನ್ನು ನಲವತ್ತು ದಿನ ಕಟ್ಟಿಹಾಕಿದರೂ ಇಲಿ ಹಗ್ಗ ಹಿಡಿದು ದಡ ಸೇರಬಹುದಿತ್ತು.

ಇದು ಹಳೆಯ ಕಥೆ ಎನ್ನುವಂತಿಲ್ಲ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು 3,711 ಜನರೊಂದಿಗೆ ತಡೆದಿಟ್ಟಾಗ ಪ್ರಯಾಣಿಕರು ಕೋಣೆಗಳಲ್ಲಿ ಉಳಿದರು. ಸಿಬ್ಬಂದಿ ಮಾತ್ರ ಅಡುಗೆ ಮಾಡುತ್ತ, ಬಾಗಿಲಿಂದ ಬಾಗಿಲಿಗೆ ಊಟ ಒಯ್ಯುತ್ತ, ಇಕ್ಕಟ್ಟಿನ ಕೋಣೆಗಳನ್ನು ಹಂಚಿಕೊಂಡು ಮಲಗುತ್ತ ದುಡಿದರು. ಅವರಲ್ಲಿ 132 ಮಂದಿ ಭಾರತೀಯರು. ಹಡಗಿನಲ್ಲಿ ಒಟ್ಟು 712 ಮಂದಿಗೆ ಸೋಂಕು ತಗುಲಿತು. ಆ ವರ್ಷದ ಕೊನೆಯ ಹೊತ್ತಿಗೆ ಲೋಕದಾದ್ಯಂತ ಸುಮಾರು 4 ಲಕ್ಷ ನಾವಿಕರು ಒಪ್ಪಂದದ ಅವಧಿ ಮುಗಿದರೂ ಇಳಿಯಲಾಗದೆ ಹಡಗುಗಳಲ್ಲೇ ಉಳಿದಿದ್ದರೆಂದು ಅಂದಾಜು. ಬಂದರಿಗೆ ಅವರು ತಂದ ಸರಕು ಬೇಕಿತ್ತು, ಅವರು ಬೇಡವಾಗಿದ್ದರು. ನಮ್ಮ ಕರಾವಳಿಯಲ್ಲಿ ಮಗನನ್ನೋ ಗಂಡನನ್ನೋ ಹಡಗಿಗೆ ಕಳುಹಿಸಿದ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ವಿಚಿತ್ರವೆಂದರೆ, ನಿಯಮ ಆಗಲೇ ಇತ್ತು. 2005ರಲ್ಲಿ ಅಂಗೀಕರಿಸಿ 2007ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ಆರೋಗ್ಯ ನಿಯಮಾವಳಿಯ 32ನೇ ವಿಧಿಯ ಪ್ರಕಾರ, ದಿಗ್ಬಂಧನದಲ್ಲಿರುವವರ ಘನತೆಯನ್ನು ಗೌರವಿಸಿ ಸಾಕಷ್ಟು ಆಹಾರ, ನೀರು, ವಸತಿ, ಚಿಕಿತ್ಸೆ ಒದಗಿಸುವುದು ಆ ದೇಶದ ಕರ್ತವ್ಯ. ಹೋವರ್ಡ್ ಓದಿದ್ದರೆ ತಮ್ಮ ಪಟ್ಟಿಯನ್ನು ಗುರುತಿಸುತ್ತಿದ್ದರು.

ಪುಸ್ತಕ ಹೊರಬಂದ ವರ್ಷವೇ ಅವರು ಮತ್ತೆ ಹೊರಟರು, ಪ್ಲೇಗಿನ ನಾಡುಗಳನ್ನು ಇನ್ನಷ್ಟು ತಿಳಿಯಲು ರಷ್ಯಾದ ಮಾರ್ಗವಾಗಿ. ರಷ್ಯಾ–ತುರ್ಕಿ ಯುದ್ಧದ ಕಾಲವದು. ಕಪ್ಪು ಸಮುದ್ರದ ಕಡೆಯ ಖೆರ್ಸೊನ್ ನಗರದಲ್ಲಿ ಸೈನಿಕರೂ ನಾವಿಕರೂ ಆಸ್ಪತ್ರೆಗಳಲ್ಲಿ ಜ್ವರದಿಂದ ಸಾಯುತ್ತಿದ್ದರು. ಅಲ್ಲೇ ಉಳಿದರು. ಜ್ವರದಲ್ಲಿದ್ದ ಒಬ್ಬ ಯುವತಿಯನ್ನು ನೋಡಲು ಚಳಿಮಳೆಯಲ್ಲಿ ಕುದುರೆಯೇರಿ ಹೋದವರಿಗೆ ಅದೇ ಜ್ವರ ತಗುಲಿತು. 1790ರ ಜನವರಿ 20ರಂದು ತೀರಿಕೊಂಡರು. ಸಮಾಧಿಯ ಮೇಲೆ ಒಂದು ಸೂರ್ಯಗಡಿಯಾರ ಸಾಕು, ಸ್ಮಾರಕ ಬೇಡವೆಂದು ಕೇಳಿಕೊಂಡಿದ್ದರು. ಲಂಡನ್ನಿನವರು ಸಂತ ಪೌಲರ ಪ್ರಧಾನಾಲಯದಲ್ಲಿ ಪ್ರತಿಮೆ ನಿಲ್ಲಿಸಿಯೇ ಬಿಟ್ಟರು. ಆ ಆಲಯದೊಳಗೆ ಬಂದ ಮೊದಲ ಪ್ರತಿಮೆ ಅದು. ಈ ಬಾರಿ ಕಾಗದ ಬರೆದು ತಡೆಯಲು ಅವರಿರಲಿಲ್ಲ.